ಪೇಟೆಯೇ ಊರಿಗೆ ಬಂದಾಗ

ಪೇಟೆಯ ಕಷ್ಟ ಪೇಟೆಯವರಿಗೆ, ಹಳ್ಳಿಯ ನೆಮ್ಮದಿ ಹಳ್ಳಿಯವರಿಗೆ ಎಂಬ ಮಾತು ಹಿರಿಯರ ಬಾಯಲ್ಲಿ ಬಹುಕಾಲ ಇತ್ತು. ಭಕ್ತ ಮಹಾಶಯರೇ, ಆ ಮಾತು ಇಂದು ನಡೆಯುವಂತಿಲ್ಲ. ಬಂಟ್ವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಯವರೆಗೆ ಒಮ್ಮೆ ಹೋಗಿ ಬಂದರೆ ಸಾಕು. ಹಿಂದೆ 234 ಆಗಿದ್ದು ಈಗ 73ನೇ ಸಂಖ್ಯೆ ಪಡೆದಿರುವ ರಾಷ್ಟ್ರೀಯ ಹೆದ್ದಾರಿ ಬರೀ ವಾಹನಗಳನ್ನು ತರುವುದಿಲ್ಲ. ತನ್ನ ಜೊತೆಗೆ ಪೇಟೆಯನ್ನೂ ತರುತ್ತದೆ.

ಲೆಕ್ಕವೂ ಇದನ್ನೇ ಹೇಳುತ್ತದೆ. ದಕ್ಷಿಣ ಕನ್ನಡದಲ್ಲಿ 2001ರ ಜನಗಣತಿಯಂತೆ ಶೇ. 38ರಷ್ಟು ಜನ ಪಟ್ಟಣವಾಸಿಗಳು. 2011ಕ್ಕೆ ಅದು ಶೇ. 47ನ್ನು ದಾಟಿತು. ಇಷ್ಟೂ ಜನ ಊರು ಬಿಟ್ಟು ಮಂಗಳೂರಿಗೆ ಹೋದರೆಂದಲ್ಲ. ಐದು ಸಾವಿರ ಜನ, ಚದರ ಕಿ.ಮೀ.ಗೆ ನಾನೂರು ಮಂದಿಯ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯದಿಂದ ಹೊರಗಿದ್ದರೆ ಗಣತಿಯವರು ಆ ಊರನ್ನು ಪಟ್ಟಣವೆಂದು ಬರೆದುಕೊಳ್ಳುತ್ತಾರೆ. ಆದರೆ ಆಡಳಿತದಲ್ಲಿ ಅದು ಗ್ರಾಮ ಪಂಚಾಯತಿಯಾಗಿಯೇ ಉಳಿಯಬಹುದು. ಇಂಥ ಗಣತಿ ಪಟ್ಟಣಗಳು ದೇಶದಲ್ಲಿ 2001ರಲ್ಲಿ 1,362 ಇದ್ದವು, 2011ರಲ್ಲಿ 3,894 ಆದವು. ಹೊಟ್ಟೆ ಪೇಟೆಯದು, ಜೇಬು ಹಳ್ಳಿಯದು! ಚರಂಡಿ, ಕಸ, ಬೀದಿದೀಪ, ಕುಡಿಯುವ ನೀರು ಎಲ್ಲವನ್ನೂ ಪಂಚಾಯತಿಯ ಅಲ್ಪ ತೆರಿಗೆಯಲ್ಲೇ ನೋಡಬೇಕು.

ಕಸದ ಮಾತು ಬಂತು. ಮಂಗಳೂರಿನ ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ಸುರಿದ ಕಸದ ಗುಡ್ಡ 2019ರ ಆಗಸ್ಟ್ ಮಳೆಗೆ ಜರಿದು, ಕೆಳಗಿನ ಮಂದಾರದ ತೋಟಗಳ ಮೇಲೆ ಹರಡಿತು. ಅಡಿಕೆ, ತೆಂಗು ಮುಳುಗಿದವು. ಜನ ಮನೆ ಬಿಟ್ಟು ಹೋಗಬೇಕಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ನಗರಕ್ಕೆ ಸರದಿಯಲ್ಲಿ ನೀರು ಬಿಡಲಾಯಿತು. ಬೆಳ್ತಂಗಡಿಯ ಬೆಟ್ಟಗಳಿಂದ ಇಳಿದು ಬಂಟ್ವಾಳ ದಾಟಿ ಬರುವ ನೇತ್ರಾವತಿಯನ್ನು ನಗರ ಕುಡಿಯುತ್ತದೆ. ನಗರ ಎಸೆದದ್ದನ್ನು ಅಂಚಿನಲ್ಲಿರುವವನು ಹೊರುತ್ತಾನೆ. ಮಂದಾರದವರು ಮಾಡಿದ ತಪ್ಪೇನು? ಮಡಂತ್ಯಾರಿನಂಥ ಊರುಗಳು ಬೆಳೆಯುತ್ತಿರುವಾಗಲೇ ಈ ಪ್ರಶ್ನೆ ಕೇಳುವುದು ಒಳ್ಳೆಯದು. ಗುಡ್ಡ ಎದ್ದ ಮೇಲೆ ಕೇಳಿದರೆ ಉತ್ತರ ಸಿಗುವುದು ನ್ಯಾಯಾಲಯದಲ್ಲಿ ಮಾತ್ರ.

ಇನ್ನು ಭೂಮಿಯ ವಿಚಾರ. ಇದನ್ನು ಹಿರಿಯರು ನಮಗಿಂತ ಚೆನ್ನಾಗಿ ಬಲ್ಲರು. 1974ರ ಭೂಸುಧಾರಣೆಯಿಂದ ಗೇಣಿ ಪದ್ಧತಿ ಹೋಗಿ, ಉಳುವವನಿಗೆ ಭೂಮಿ ದಕ್ಕಿತು. ಈ ಜಿಲ್ಲೆಯಲ್ಲಿ ಅದು ಎಷ್ಟೋ ಮನೆಗಳ ಹಣೆಬರಹವನ್ನೇ ಬದಲಿಸಿತು. ಅಜ್ಜ ಡಿಕ್ಲರೇಶನ್ ಹಾಕಿ, ಟ್ರಿಬ್ಯುನಲ್ ಮೆಟ್ಟಿಲು ಹತ್ತಿ ಪಡೆದ ಗದ್ದೆಯನ್ನು ಮೊಮ್ಮಗ ಇಂದು ಸೆಂಟ್ಸ್ ಲೆಕ್ಕದಲ್ಲಿ ಮಾರುತ್ತಿದ್ದಾನೆ. 2020ರ ತಿದ್ದುಪಡಿಯ ಬಳಿಕ ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಕಷ್ಟಕ್ಕೆ ಮಾರುವವನನ್ನು ನಾವು ದೂಷಿಸುವುದಿಲ್ಲ. ಮಗಳ ಮದುವೆ, ಆಸ್ಪತ್ರೆ ಬಿಲ್ಲು, ಕಾಲೇಜು ಫೀಸು ಯಾರನ್ನೂ ಬಿಟ್ಟಿಲ್ಲ. ಆದರೆ ಶರಣರು ಕಾಯಕವೆಂದದ್ದು ದಿನದಿನದ ದುಡಿಮೆಯನ್ನು. ಒಮ್ಮೆ ಮಾರಿದ ಗದ್ದೆ ಮರುವರ್ಷ ಫಸಲು ಕೊಡುವುದಿಲ್ಲ. ಬ್ಯಾಂಕಿನಲ್ಲಿಟ್ಟ ಹಣ ಕಾರಾಗಿ, ಮಾಳಿಗೆಯಾಗಿ ಕರಗುತ್ತದೆ. ಮನೆಯ ಹೆಂಗಸರ ಕೈಗೆ ವಾರದ ಮಜೂರಿ ತಂದುಕೊಡುತ್ತಿದ್ದ ಬೀಡಿಯ ಸೂಪೂ ಹಿಂದಿನಂತೆ ತುಂಬುತ್ತಿಲ್ಲ.

ಮಕ್ಕಳು ಎಲ್ಲಿ? ಬೆಂಗಳೂರಿನಲ್ಲಿ, ಇಲ್ಲವೇ ಕೊಲ್ಲಿ ರಾಷ್ಟ್ರಗಳಲ್ಲಿ. ಓದಿಸಿದವರೇ ನಾವು, ಹೋಗಬೇಡವೆನ್ನಲು ಬಾಯಿಲ್ಲ. ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು, ಒಂದು ಮೊಬೈಲು. ಬೆಂಗಳೂರಿನ ಮಗ ಬಾಡಿಗೆಗೂ ಸಾಲದ ಕಂತಿಗೂ ದುಡಿಯುತ್ತಾನೆ. ಊರಿನ ತಂದೆ ತೋಟದ ಕೆಲಸಕ್ಕೆ ಆಳು ಹುಡುಕುತ್ತಾನೆ. ಇಬ್ಬರಿಗೂ ಬಿಡುವಿಲ್ಲ, ಇಬ್ಬರಿಗೂ ನೆಮ್ಮದಿಯಿಲ್ಲ.

ಪಂಚಾಯತ್ ರಾಜ್ ಕಾಯ್ದೆ 1993ರಲ್ಲೇ ಬಂದಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂಬುದು ಅದರ ನಿಯಮ. ಅಲ್ಲಿ ಮನೆ, ರಸ್ತೆ, ಪಿಂಚಣಿಯ ಅರ್ಜಿಗಳು ಬರುತ್ತವೆ, ಬರಲಿ. ಹೊಸ ಬಡಾವಣೆಯ ಕೊಳಚೆ ನೀರು ಯಾರ ತೋಡಿಗೆ ಹೋಗುತ್ತದೆ, ಕಸದ ಗಾಡಿ ಎಲ್ಲಿ ಬರಿದಾಗುತ್ತದೆ ಎಂದು ಕೇಳಲು ಗದ್ದೆಯ ನೀರಿನ ಹರಿವು ಬಲ್ಲ ಹಿರಿಯರೇ ಬೇಕು. ಮುಂದಿನ ಸಭೆಯ ದಿನಾಂಕವನ್ನು ಪಂಚಾಯತಿ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ.