ರಜೆಯಲ್ಲಿ ಒಂದು ದಿನ ಹೆಚ್ಚಿಗೇ ಇರಲಿ

ಕವಲಂದೆಯವರು ಬೆಂಗಳೂರಿನಲ್ಲಿ ವಿಮಾನ ಹತ್ತಬೇಕೆಂದರೆ ಮೊದಲು ರೈಲೋ ಬಸ್ಸೋ ಹಿಡಿದು ಮೈಸೂರು, ಅಲ್ಲಿಂದ ಬೆಂಗಳೂರು, ಆಮೇಲೆ ದೇವನಹಳ್ಳಿ. ನಡುವೆ ಎಲ್ಲಿ ಮುಷ್ಕರವಾದರೂ ಪ್ರವಾಸ ಕೆಟ್ಟ ಹಾಗೇ! 2012ರ ಮೇ ತಿಂಗಳಲ್ಲಿ ಶುರುವಾದ ಏರ್ ಇಂಡಿಯಾ ಪೈಲಟ್‌ಗಳ ಮುಷ್ಕರ 58 ದಿನ ನಡೆಯಿತು. 2021ರ ಯುಗಾದಿ ಹೊತ್ತಿಗೆ ಸರ್ಕಾರಿ ಬಸ್ಸುಗಳೇ ಬಹುತೇಕ ನಿಂತಿದ್ದವು.

ಆದ್ದರಿಂದ ಟಿಕೆಟ್ ಮಾಡಿಸುವ ಮೊದಲೇ ಯೋಚಿಸಿ. ವಿಮಾನದ ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ. ವಾಪಸು ಬರುವುದಂತೂ ಶಾಲೆ ತೆರೆಯುವ ಹಿಂದಿನ ರಾತ್ರಿಗೆ ಬೇಡವೇ ಬೇಡ. ನಡುವೆ ವಿಮಾನ ಬದಲಿಸಬೇಕಿದ್ದರೆ ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಮಾಡಿಸಿ. ಬೇರೆ ಬೇರೆ ಮಾಡಿಸಿದರೆ, ಮೊದಲನೆಯದು ರದ್ದಾದಾಗ ಎರಡನೆಯದರ ಹಣವೂ ಹೋದೀತು. ಕಂಪನಿಯೇ ವಿಮಾನ ರದ್ದು ಮಾಡಿದರೆ ಟಿಕೆಟ್ ಹಣ ಅಥವಾ ಬದಲಿ ವಿಮಾನ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಮುಷ್ಕರದಿಂದ ರದ್ದಾದರೆ ಅದರ ಮೇಲೆ ಪರಿಹಾರ ಮಾತ್ರ ಸಿಗದು.

ಒಂದು ದಿನ ದಂಡ ಅಂತ ಮನೆಯವರು ಗೊಣಗಬಹುದು. ಆದರೆ ನಿಲ್ದಾಣದಲ್ಲಿ ಸಿಕ್ಕಿಕೊಂಡಾಗ ಅತ್ತೆಯವರ ಮಾತ್ರೆ, ಮಕ್ಕಳ ಹಸಿವು ಎಲ್ಲ ನೋಡಿಕೊಳ್ಳುವವರು ನಾವೇ ಅಲ್ವೇ? ಹಾಗಾಗಿ ಹೊರಡುವ, ಮರಳುವ ದಿನ ಗೊತ್ತು ಮಾಡುವಾಗಲೂ ನಮ್ಮ ಮಾತು ನಡೆಯಲಿ.