ಉಳಿಸಿದ ಪ್ರತಿಯ ವಿಚಾರ

ನಿನ್ನೆ ಓದಿದ ಅಂತರಜಾಲದ ಪುಟ ಇಂದು ತೆರೆಯದಿದ್ದಾಗ ನಾವು ಬಹುಕಾಲ ಗೂಗಲ್ಲನ್ನೇ ನೆಚ್ಚಿದ್ದೆವು. ಹುಡುಕಿದ ಫಲಿತಾಂಶದ ಬದಿಯಲ್ಲಿದ್ದ 'ಕ್ಯಾಶ್ಡ್' ಎಂಬ ಕೊಂಡಿಯನ್ನು ಒತ್ತಿದರೆ, ಗೂಗಲ್ ಹಿಂದೊಮ್ಮೆ ತೆಗೆದಿಟ್ಟುಕೊಂಡ ಪ್ರತಿಯು ದಿನಾಂಕ ಸಹಿತ ಕಾಣುತ್ತಿತ್ತು. 2024ರ ಆರಂಭದಲ್ಲಿ ಆ ಕೊಂಡಿಯನ್ನು ತೆಗೆದರು. ಪುಟಗಳು ತೆರೆಯುವುದೇ ದುಸ್ತರವಾಗಿದ್ದ ಕಾಲದ ಏರ್ಪಾಡು, ಈಗ ಅಗತ್ಯವಿಲ್ಲವೆಂದರು. ಈ ಮಾತು ನಮಗೆ ಪೂರ್ಣ ಒಪ್ಪಿಗೆಯಿಲ್ಲ. ಆದರೆ ಅದನ್ನು ಭಂಡಾರವೆಂದು ಬಗೆದುದು ನಮ್ಮ ತಪ್ಪು. ಗೂಗಲ್ ಮರಳಿ ಬಂದು ನೋಡಿದಾಗ ಹಳೆಯ ಪ್ರತಿ ಹೋಗಿ ಹೊಸದು ಅಲ್ಲಿ ಕೂರುತ್ತಿತ್ತು. ಮೂಲವಳಿದರೆ ಕೆಲಕಾಲದಲ್ಲಿ ಪ್ರತಿಯೂ ಅಳಿಯುತ್ತಿತ್ತು.

ಭಂಡಾರವೆನ್ನತಕ್ಕದ್ದು ಬೇರೆಯಿದೆ. ಅಮೆರಿಕೆಯಲ್ಲಿ ಬ್ರೂಸ್ಟರ್ ಕೇಲ್ ಎಂಬವರು 1996ರಲ್ಲಿ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ 'ವೇಬ್ಯಾಕ್ ಮೆಷೀನ್' ಒಂದೇ ಪುಟದ ಬೇರೆಬೇರೆ ದಿನಗಳ ಪ್ರತಿಗಳನ್ನು ಕಾದಿಡುತ್ತದೆ. 2024ರ ಸೆಪ್ಟೆಂಬರಿನಲ್ಲಿ ಗೂಗಲ್ಲೇ ತನ್ನ ಫಲಿತಾಂಶಗಳಿಂದ ಅದಕ್ಕೆ ದಾರಿಯೊದಗಿಸಿತು. ಆದರೂ ಯಾರೂ ಸಂಗ್ರಹಿಸದ ಪುಟ ಅಲ್ಲಿಯೂ ದೊರೆಯದು. ಓದುಗ ಬಂಧುಗಳ ಮನೆಯ ಮಕ್ಕಳು ಅರ್ಜಿಗೋ ವ್ಯಾಸಂಗಕ್ಕೋ ಯಾವುದಾದರೂ ಪುಟವನ್ನು ಆಧರಿಸಿದ್ದರೆ, ಅದರ ವಿಳಾಸವನ್ನು ಅಲ್ಲಿಯ 'ಸೇವ್ ಪೇಜ್ ನೌ' ಎಂಬಲ್ಲಿ ಕೊಟ್ಟು ಇಂದೇ ಪ್ರತಿ ಮಾಡಿಸಲಿ. 2024ರ ಅಕ್ಟೋಬರಿನಲ್ಲಿ ಕಿಡಿಗೇಡಿಗಳ ದಾಳಿಯಿಂದ ಆ ಭಂಡಾರವೂ ಕೆಲವು ದಿನ ಮುಚ್ಚಿತ್ತು. ಮುದ್ರಿಸಿದ ಒಂದು ಹಾಳೆ ಮನೆಯಲ್ಲಿಯೂ ಇರಲಿ.