ಸಮವಸ್ತ್ರಕ್ಕೊಂದು ಕಿಸೆ

ಯರಗುಪ್ಪಿಯಲ್ಲಿ ಸಾಲಿ ಹುಡುಗಿಯರ ಚೂಡಿದಾರ ಹೊಲಿಯುವವಳು ನಾನು. ಎಂಟನೆಯ ತರಗತಿ ದಾಟಿದವರು ಅಳತೆ ಕೊಡುವಾಗ ದನಿ ತಗ್ಗಿಸುತ್ತಾರೆ: ‘ಅಕ್ಕಾರ, ಒಳಮಗ್ಗಲಿಗೆ ಒಂದು ಕಿಸೆ ಹಚ್ಚಿಕೊಡ್ರಿ.’ ಯಾಕೆಂದು ಕೇಳುವುದಿಲ್ಲ. ಗಂಡುಹುಡುಗರ ಮುಂದೆ ಚೀಲದಿಂದ ಪ್ಯಾಡ್ ತೆಗೆದು, ಮುಚ್ಚಿಕೊಂಡು ಹೋಗುವ ಪೇಚು ಗೊತ್ತು. ಆ ಅಂಜಿಕೆಗೇ ತಿಂಗಳಿಗೆ ಎರಡು ಮೂರು ದಿನ ಮನೆಯಲ್ಲಿ ಉಳಿಯುವವರಿದ್ದಾರೆ. ಗಣಿತ ಕೈಬಿಡುವುದು ಅಲ್ಲಿಂದಲೇ. ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಅವ್ವನ ಜೊತೆ ಹೊಲಕ್ಕೆ ಹೋದ ದಿನಗಳು ಬೇರೆ.

ಸರಕಾರ 2013-14ರಲ್ಲಿ ‘ಶುಚಿ’ ಯೋಜನೆ ತಂದು ಪ್ಯಾಡ್ ಹಂಚಿತು. ನಡುವೆ ಕೆಲ ವರ್ಷ ನಿಂತದ್ದು 2024ರಲ್ಲಿ ಮತ್ತೆ ಶುರುವಾಯಿತು. ಒಳ್ಳೆಯದೇ. ಆದರೆ ಸಾಲಿಯ ಶೌಚಾಲಯದ ಬಾಗಿಲಿಗೆ ಚಿಲಕ, ಒಳಗೆ ನೀರು, ಬಳಸಿದ್ದನ್ನು ಹಾಕಲು ಮುಚ್ಚಳದ ಬುಟ್ಟಿ ಇಲ್ಲದಿದ್ದರೆ ಪ್ಯಾಡ್ ಕೊಟ್ಟೂ ಏನು ಬಂತು?

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ ಪುಕ್ಕಟೆಯಾಯಿತು. ಕುಂದಗೋಳ, ಹುಬ್ಬಳ್ಳಿಯ ಕಾಲೇಜಿಗೆ ಕಳಿಸಲು ರೊಕ್ಕದ ನೆಪ ಹೋಯಿತು. ಆದರೆ ಬಸ್ಸಿನಲ್ಲಿ ಯಾರೋ ಚುಡಾಯಿಸಿದರೆಂದು ಮಗಳು ಹೇಳಿದರೆ ಅಪ್ಪ ಆ ಹುಡುಗನನ್ನು ಕೇಳುವುದಿಲ್ಲ, ಮಗಳ ಸಾಲಿ ಬಿಡಿಸುತ್ತಾನೆ. ಹಾಗಾಗಿ ಹುಡುಗಿಯರು ಹೇಳುವುದೇ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಪುಕ್ಕಟೆ ಕರೆ ಮಾಡಬಹುದೆಂದು ನನ್ನ ಅಂಗಡಿ ಗೋಡೆಗೆ ಬರೆದಿದ್ದೇನೆ.

ಶಿಕ್ಷಣ ಇಲಾಖೆ ಸಮವಸ್ತ್ರದ ನಮೂನೆಯಲ್ಲೇ ಕಿಸೆ ಸೇರಿಸಲಿ. ಅಂಗೈ ಅಗಲದ ಬಟ್ಟೆ ಸಾಕು. ನಾನು ಉಳಿದ ತುಂಡಿನಲ್ಲೇ ಹೊಲಿಯುತ್ತೇನೆ, ಅದಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ.